ಬೆರೆಂಡನ ಪೆನ್‌ಡ್ರೈವ್ ಮತ್ತು ಎರಡನೆಯ ಬಿಸ್ಕತ್ತು

ಬೆರೆಂಡನಿಗೆ ಹೊಟ್ಟೆಕಿಚ್ಚು. ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ. ನೆದರ್ಲೆಂಡ್ಸಿನ ಗ್ರೊನಿಂಗೆನ್ ಊರಿನ ಒಂದು ಬಡಾವಣೆಯಲ್ಲಿ, ಕೆಟ್ಟ ಸಾಮಾನುಗಳನ್ನು ಪುಕ್ಕಟೆ ಸರಿಮಾಡಿಕೊಡುವ ರಿಪೇರಿ ಕೆಫೆಗೆ ಶನಿವಾರ ಬರುವವರಿಗೆಲ್ಲ ಅದು ಗೊತ್ತಿತ್ತು.

ಬಸ್ಸು ಓಡಿಸಿ ನಿವೃತ್ತನಾದ ಮೇಲೆ ಅವನು ಕಲಿತದ್ದು ಒಂದೇ ವಿದ್ಯೆ: ಪೆನ್‌ಡ್ರೈವಿಗೆ ಲಿನಕ್ಸ್ ಎಂಬ, ಕಂಪ್ಯೂಟರ್ ನಡೆಸುವ ಪುಕ್ಕಟೆ ತಂತ್ರಾಂಶ ಬರೆದು, ಅದರಿಂದಲೇ ಮುದಿ ಲ್ಯಾಪ್‌ಟಾಪುಗಳನ್ನು ಎಬ್ಬಿಸಿ, ಅದನ್ನು ಅವುಗಳಿಗೆ ಹಾಕಿಕೊಡುವುದು. ಕಾಫಿ ಕೊಡುವ ಯಾನ್ನಾ, ಗಂಡ ಟಾಕೊನನ್ನು ಕಳೆದುಕೊಂಡವಳು, ಅವನನ್ನು ‘ನಮ್ಮ ಡಾಕ್ಟರು’ ಎನ್ನುತ್ತಿದ್ದಳು. ಆ ಒಂದು ಮಾತಿಗಾಗಿ ಅವನು ಶನಿವಾರದ ಅಂಗಿಗೆ ಇಸ್ತ್ರಿ ಹಾಕುತ್ತಿದ್ದ.

ಆಮೇಲೆ ಅದೇ ಕೆಲಸಕ್ಕೆ ಮಾರಿಟ್ ಎಂಬ ಹೊಸಬಳು ಬಂದಳು. ಬೇರೆ ಬಗೆಯ ಲಿನಕ್ಸ್ ಬೇಕಾದರೆ ಬೆರೆಂಡ್ ಪ್ರತಿ ಸಲ ಹಳೆಯದನ್ನು ಅಳಿಸಿ ಬರೆಯಬೇಕು. ಅವಳ ಒಂದೇ ಪೆನ್‌ಡ್ರೈವಿನಲ್ಲಿ ಹತ್ತು ಬಗೆಯ ಲಿನಕ್ಸ್. ಜನ ಅವಳ ಮೇಜಿಗೆ ಮುಗಿಬಿದ್ದರು.

“ಒಂದೇ ಚೀಲಕ್ಕೆ ಹತ್ತು ಬೆಕ್ಕು ತುಂಬಿದ್ರೆ ಒಂದೂ ಇಲಿ ಹಿಡಿಯಲ್ಲ,” ಎಂದು ಬೆರೆಂಡ್ ಗೊಣಗಿದ.

“ಹಿಡೀತಾ ಇದ್ಯಲ್ಲೋ ಮಾರಾಯ!” ಎಂದು ಯಾನ್ನಾ ನಕ್ಕಳು.

ನಗಲಿ. ಆದರೆ ಬಿಸ್ಕತ್ತಿನ ಡಬ್ಬಿ? ಯಾನ್ನಾ ಕೊಡುವುದು ಕಾಫಿಗೆ ಒಂದೇ ಬಿಸ್ಕತ್ತು, ಕೂಡಲೇ ಟಪ್ಪೆಂದು ಮುಚ್ಚಳ. ಮೇಯರ್ ಬಂದರೂ ಅಷ್ಟೇ. ಒಂದು ಶನಿವಾರ ಅದೇ ಮುಚ್ಚಳ ಮಾರಿಟ್‌ಗಾಗಿ ಇನ್ನೊಮ್ಮೆ ತೆರೆದದ್ದನ್ನು ಬೆರೆಂಡ್ ಕಣ್ಣಾರೆ ಕಂಡ. ಅವನ ಹೊಟ್ಟೆಗೆ ಬೆಂಕಿ ಬಿತ್ತು.

ಆಗ ಅವನ ಮುಂದಿದ್ದದ್ದು ಯಾನ್ನಾಳದೇ ಲ್ಯಾಪ್‌ಟಾಪ್. “ಕೊನೆಗೆ ಇದನ್ನೂ ಅದರೊಳಗೆ ಹಾಕ್ಕೊಡು, ನಮ್ಮ ಟಾಕೊ ಹಾಡಿದ್ದು,” ಎಂದು ಅವಳು ಕೊಟ್ಟಿದ್ದ ಪೆನ್‌ಡ್ರೈವನ್ನು, ತೆರೆಯುತ್ತದೋ ನೋಡಲೆಂದು, ಅವನು ತನ್ನ ಯಂತ್ರಕ್ಕೆ ಚುಚ್ಚಿದ್ದ. ಪಕ್ಕದಲ್ಲೇ ಅವನದೂ ಇತ್ತು. ಪರದೆಯ ಮೇಲೆ ಎರಡು ಹೆಸರು, ಅಳತೆ ಒಂದೇ. ಲಿನಕ್ಸ್ ಬರೆಯಲೆಂದು ಒಂದನ್ನು ಒತ್ತಿದ, ಕಣ್ಣು ಮಾತ್ರ ಬಿಸ್ಕತ್ತು ಮೆಲ್ಲುವ ಮಾರಿಟ್ ಮೇಲೆ. ‘ಇದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಸರಿಯೇ?’ ಎಂದು ಯಂತ್ರ ಕೇಳಿತು. ಅದು ಯಾವಾಗಲೂ ಕೇಳುತ್ತದೆ, ಅವನು ಯಾವಾಗಲೂ ಹೂಂ ಎನ್ನುತ್ತಾನೆ. ಈಗಲೂ ಹೂಂ ಎಂದ.

ಮುಗಿದ ಮೇಲೆ ನೋಡಿದರೆ ತನ್ನ ಪೆನ್‌ಡ್ರೈವಿನಲ್ಲಿ ಹಳೆಯದೆಲ್ಲ ಹಾಗೆಯೇ ಇದೆ. ಅಳಿಸಿಹೋಗಿದ್ದು ಯಾನ್ನಾಳದು.

“ಯಾನ್ನಾ... ಟಾಕೊ ಹಾಡು... ಅಳಿಸ್ಬಿಟ್ಟೆ ಕಣೇ.”

“ಅಯ್ಯೋ, ಅಷ್ಟೇನಾ! ನಿನ್ನ ಮುಖ ನೋಡಿ ನೀನೇ ಹೋಗ್ಬಿಟ್ಟೆ ಅಂದ್ಕೊಂಡೆ. ಮಾರಿಟ್ ಹತ್ರ ಇನ್ನೊಂದು ಕಾಪಿ ಇದೆ ಬಿಡು. ಹೋದ ವಾರ ನಮ್ಮನೆಗೆ ಬಂದಿದ್ಲು, ಇಬ್ರೂ ಕೂತು ಎಲ್ಲಾ ಹಾಡೂ ಕೇಳಿದ್ವಿ.”

ಹೋದ ಜೀವ ಬಂತು. ಬಂದದ್ದೇ ಮತ್ತೆ ಉರಿಯತೊಡಗಿತು. ಮನೆಗೆ ಕರೆದಿದ್ದಾಳೆ! ಇಷ್ಟು ವರ್ಷದಲ್ಲಿ ಬೆರೆಂಡ್ ಆ ಮನೆಯ ಕರೆಗಂಟೆ ಒತ್ತಿದವನಲ್ಲ. ಹಾಡು ಉಳಿಯಿತೆಂದು ಸಂತೋಷಪಡಬೇಕಿತ್ತು. ಆ ಮಾರಿಟ್ ಹತ್ತಿರ ಉಳಿಯುವ ಬದಲು ಹೋಗಿದ್ದರೇ ಚೆನ್ನಾಗಿತ್ತು ಎಂದಿತು ಪಾಪಿ ಮನಸ್ಸು.

ಯಾನ್ನಾ ಡಬ್ಬಿ ತಂದು ಮುಚ್ಚಳ ತೆಗೆದಳು. “ಇನ್ನೊಂದು ತಗೋ, ಪಾಪ, ಹೆದರ್ಬಿಟ್ಟಿದ್ದೀಯ.”

ಬೆರೆಂಡ್ ತೆಗೆದುಕೊಂಡ. ಮಾರಿಟ್‌ಗೆ ಎರಡನೆಯ ಬಿಸ್ಕತ್ತು ಮೆಚ್ಚುಗೆಗೆ ಸಿಕ್ಕಿತ್ತು, ತನಗೆ ಕನಿಕರಕ್ಕೆ. ಅದು ಗೊತ್ತಿದ್ದೂ, ಮಾರಿಟ್‌ಗೆ ಕಾಣುವಂತೆ ತಿರುಗಿ ಕೂತು, ನಿಧಾನವಾಗಿ ತಿಂದ.