ನೊಗದ ಗಿಟಾರಿನ ಹಿತ್ತಾಳೆ ತಂತಿ

ಮರ್ದಾನಸಾಬನ ಬಗ್ಗೆ ಬರೆಯಲು ಕುಳಿತರೆ ನನಗೆ ಮೊದಲು ಬರುವುದು ಸಿಟ್ಟು. ಪ್ರೀತಿ ಆಮೇಲೆ ಬರುತ್ತದೆ, ಅದೂ ಕಾಲೆಳೆದುಕೊಂಡು. ಕೊಪ್ಪಳದಲ್ಲಿ ಅವನಷ್ಟು ಚೆನ್ನಾಗಿ ತಂಬೂರಿ ಮಾಡುವವರು ಇರಲಿಲ್ಲ, ಅವನಷ್ಟು ಹಟಮಾರಿಯೂ ಇರಲಿಲ್ಲ. ನಾನು ದೊಡ್ಡಬಸಪ್ಪ. ಹಗಲು ಅರಿವೆ ಅಂಗಡಿ, ಸಂಜೆ ಭಜನೆಯಲ್ಲಿ ಹಾರ್ಮೋನಿಯಂ ಪೇಟಿ ಬಾರಿಸುವುದು, ಅದಕ್ಕೇ ಊರವರ ಬಾಯಲ್ಲಿ ನಾನು ಮಾಸ್ತರ. ಭಜನೆಯ ತಂಬೂರಿ ಕೆಟ್ಟಾಗಲೆಲ್ಲ ಅವನ ಮನೆಗೆ ಹೋಗಿ ಹೋಗಿ, ಬೈದಾಡುವಷ್ಟು ಸಲಿಗೆ ಬೆಳೆದಿತ್ತು. ಆದರೆ ಅವನ ಮನೆಯಲ್ಲಿ ನಾನು ಒಂದು ಗುಟುಕು ನೀರೂ ಕುಡಿದವನಲ್ಲ. ನಮ್ಮ ಮನೆಯ ರೀತಿ ಹಾಗಿತ್ತು. ಅವನೂ ಕೊಡಲು ಬರುತ್ತಿರಲಿಲ್ಲ.

ಜರ್ಮನಿಯ ಎರಡನೆಯ ಯುದ್ಧ ಶುರುವಾದ ಮರುವರ್ಷ ಅಂದಪ್ಪ ಎಂಬುವವನ ನಾಟಕ ಕಂಪನಿ ನಮ್ಮೂರಲ್ಲಿ ಡೇರೆ ಹಾಕಿತು. ಅಂದಪ್ಪ ಮುಂಬೈಯಿಂದ ಬ್ಯಾಟರಿಯ ಮೇಲೆ ನಡೆಯುವ ಲೌಡ್‌ಸ್ಪೀಕರನ್ನು ಬಾಡಿಗೆಗೆ ತಂದಿದ್ದ. ಜೊತೆಗೆ ಗೋವಾದ ಒಬ್ಬ ವಾದ್ಯಗಾರನೂ ಬಂದಿದ್ದ. ಅವನದು ಕರೆಂಟಿನ ಗಿಟಾರು. ಅದನ್ನು ತೊಡೆಯ ಮೇಲೆ ಅಡ್ಡ ಮಲಗಿಸಿ, ತಂತಿಗಳ ಮೇಲೆ ಉಕ್ಕಿನ ತುಂಡು ಜಾರಿಸುತ್ತ ಬಾರಿಸುತ್ತಿದ್ದ. ತಂತಿಯ ಕೆಳಗೆ ಒಂದು ಅಯಸ್ಕಾಂತ, ಅದಕ್ಕೊಂದು ತಾಮ್ರದ ಸುರುಳಿ. ಅಲ್ಲಿಂದ ನಾದ ವೈರಿನೊಳಗೆ ಹರಿದು ಲೌಡ್‌ಸ್ಪೀಕರಿನಲ್ಲಿ ಮೊಳಗುತ್ತಿತ್ತು. ಮರ್ದಾನಸಾಬ ಎದುರಿಗೇ ನೆಲದ ಮೇಲೆ ಕುಳಿತು ಅದನ್ನು ಕೇಳಿದ. ನಾಟಕದಲ್ಲಿ ಯಾರು ಸತ್ತರು, ಯಾರು ಬದುಕಿದರು ಎಂಬುದೇ ಅವನಿಗೆ ಗೊತ್ತಿರಲಿಲ್ಲ.

ಗೋವಾದವನು ಊಟದ ವಿಷಯಕ್ಕೆ ಅಂದಪ್ಪನ ಜೊತೆ ಜಗಳ ತೆಗೆದು, ಗಿಟಾರು ಹೊತ್ತುಕೊಂಡು ಹೊರಟುಹೋದ. ಅಂದಪ್ಪ ನೇರವಾಗಿ ಮರ್ದಾನಸಾಬನ ಮನೆಗೆ ಬಂದ.

"ಸಾಬ್ರ, ನಮ್ಮ ಮುಕ್ಕಾಮು ಮುಗಿಯೂದ್ರೊಳಗ ಅಂಥಾದೊಂದು ಮಾಡ್ರಿ. ನೀವ ಪರದೆ ಪಕ್ಕ ಕುಂತು ಬಾರಸ್ರಿ. ಹ್ಯಾಂಡ್‌ಬಿಲ್‌ನ್ಯಾಗ ನಿಮ್ಮ ಹೆಸರು ಹಾಕಸ್ತೀನಿ."

ಹಾಡಿದವನ ಹೆಸರು ಊರಿಗೆಲ್ಲ ಗೊತ್ತಾಗುತ್ತದೆ, ತಂಬೂರಿ ಮಾಡಿದವನನ್ನು ಯಾರೂ ಕೇಳುವುದಿಲ್ಲ. ತುಂಬಿದ ಡೇರೆಯಲ್ಲಿ ಒಮ್ಮೆ ತನ್ನ ಕೈಯ ವಾದ್ಯ ಮೊಳಗಬೇಕು ಎನ್ನುವುದೊಂದೇ ಆಸೆ ಅಂದಿನಿಂದ ಮರ್ದಾನಸಾಬನಿಗೆ ಅಂಟಿಕೊಂಡಿತು.

ಸೋರೆ ಬುರುಡೆಯ ತಂಬೂರಿಯನ್ನು ಲೌಡ್‌ಸ್ಪೀಕರಿನ ಮೈಕಿನ ಹತ್ತಿರ ಒಯ್ದರೆ, ಟೊಳ್ಳಿನಲ್ಲಿ ಸದ್ದು ಸುತ್ತಿ ಅದು ಊಳಿಡುತ್ತದೆ ಎಂದು ಅವನು ಮೊದಲೇ ಕಂಡುಕೊಂಡ. ಟೊಳ್ಳು ಬೇಡ, ಗಟ್ಟಿ ಮರವೇ ಬೇಕು ಎಂದ. ಹಿತ್ತಲಲ್ಲಿ ಬಿದ್ದಿದ್ದ ಮುರಿದ ಬಂಡಿಯ ನೊಗವನ್ನು ಎತ್ತಿ ತಂದ. ಹಳೆಯ ಜಾಲಿ ಮರ, ಎತ್ತಿನ ಹೆಗಲಿಗೆ ಉಜ್ಜಿ ಉಜ್ಜಿ ನುಣುಪಾದದ್ದು. ಅದರ ಬಾಗನ್ನು ಅವನು ನೆಟ್ಟಗೆ ಮಾಡಲಿಲ್ಲ. ಬಾಗಿದ ಕಡೆ ತೊಡೆಗೆ ಕೂತುಕೊಳ್ಳುತ್ತದೆ ಎಂದು ಹಾಗೆಯೇ ಬಿಟ್ಟು, ಮೇಲ್ಮೈಯನ್ನಷ್ಟೇ ಸಮ ಮಾಡಿದ. ಕೋಣದ ಕೋಡಿನಿಂದ ತಂತಿ ಬಿಗಿಯುವ ಬಿರಡೆ, ಮೂಳೆಯಿಂದ ತಂತಿ ಹೊರುವ ಕುದುರೆ. ಗದಗಿನ ಗುಜರಿಯಲ್ಲಿ ಸಿಕ್ಕ ಒಡೆದ ಟೆಲಿಫೋನಿನಿಂದ ಅಯಸ್ಕಾಂತ ಕಿತ್ತ. ಅದಕ್ಕೆ ಕೂದಲಿನಷ್ಟು ಸಣ್ಣ ತಾಮ್ರದ ತಂತಿಯನ್ನು ಅವನ ಹೆಂಡತಿ ಶಾಹಜಾದಬಿ ರಾಟಿಗೆ ಹಾಕಿ ಸುತ್ತಿಕೊಟ್ಟಳು. ಓಣಿಯವರು ಬಂದು ನೋಡಿ, ಸಾಬ ಎತ್ತು ಮಾರಿ ನೊಗ ಹಾಡಿಸಲಿಕ್ಕೆ ಹೊರಟಾನ ಎಂದು ನಕ್ಕರು. ನನಗೂ ನಗು ಬಂತು. ಆದರೆ ನೋಡುತ್ತ ನೋಡುತ್ತ ಅದು ಚೆಂದವೇ ಕಾಣತೊಡಗಿತು.

ಗಟ್ಟಿ ಮರವಾದ್ದರಿಂದ ಲೌಡ್‌ಸ್ಪೀಕರ್ ಇಲ್ಲದಿದ್ದರೆ ಅದು ಸೊಳ್ಳೆಯಷ್ಟೂ ಸದ್ದು ಮಾಡುತ್ತಿರಲಿಲ್ಲ. ಶ್ರುತಿ ಮಾಡುವಾಗ ಮರ್ದಾನಸಾಬ ನೊಗದ ತುದಿಯನ್ನು ಹಲ್ಲಿನಿಂದ ಕಚ್ಚಿ ಹಿಡಿಯುತ್ತಿದ್ದ. ಹಾಗೆ ಹಿಡಿದರೆ ನಾದ ಹಲ್ಲಿನಿಂದ ತಲೆಯೊಳಕ್ಕೆ ಏರುತ್ತದಂತೆ.

"ನೀವೂ ಒಮ್ಮೆ ಕಚ್ಚಿ ನೋಡ್ರಿ ಮಾಸ್ತರ್ರ," ಎಂದು ಒಂದು ದಿನ ಅಂದ.

ನೊಗದ ತುದಿ ಅವನ ಎಂಜಲಿನಿಂದ ಒದ್ದೆಯಾಗಿತ್ತು. ನಾನು ಡೇರೆಯಲ್ಲೇ ಕೇಳುತ್ತೇನೆ ಎಂದು ಎದ್ದುಬಂದೆ. ಅವನು ಒತ್ತಾಯ ಮಾಡಲಿಲ್ಲ.

ಡೇರೆಯಲ್ಲಿ ಪರೀಕ್ಷೆಗೆ ಇಟ್ಟೆವು. ನಾಲ್ಕು ತಂತಿಗಳಲ್ಲಿ ಮೂರು ಉಕ್ಕಿನವು. ಅವು ಮೊಳಗಿದ ರೀತಿಗೆ ಅಂದಪ್ಪ ಕೂತಲ್ಲಿಂದ ಎದ್ದ. ನಾಲ್ಕನೆಯದು ಖರ್ಜದ ತಂತಿ, ಎಲ್ಲಕ್ಕೂ ತಳಪಾಯವಾಗುವ ಮಂದ್ರ ಷಡ್ಜ. ತಂಬೂರಿಯವರ ಪದ್ಧತಿಯಂತೆ ಮರ್ದಾನಸಾಬ ಅದಕ್ಕೆ ಹಿತ್ತಾಳೆಯ ತಂತಿ ಬಿಗಿದಿದ್ದ. ಅದನ್ನು ಮೀಟಿದ. ಲೌಡ್‌ಸ್ಪೀಕರ್ ತುಟಿ ಬಿಚ್ಚಲಿಲ್ಲ.

ಲೌಡ್‌ಸ್ಪೀಕರ್ ನೋಡಿಕೊಳ್ಳುವವನು ಬಗ್ಗಿ ನೋಡಿ, ಅಯಸ್ಕಾಂತ ಹಿತ್ತಾಳೆಯನ್ನು ಎಳೆಯುವುದಿಲ್ಲ, ಉಕ್ಕಿನ ತಂತಿ ಹಾಕಿರಿ, ಅಷ್ಟೇ ಎಂದ. ಎಂಥ ಸುಲಭದ ಮಾತು. ನಾನು ಮರುದಿನವೇ ಗದಗಿಗೆ ಹೋಗಿ ದಪ್ಪನೆಯ ಉಕ್ಕಿನ ತಂತಿ ತಂದೆ. ಮರ್ದಾನಸಾಬ ಅದನ್ನು ಮುಟ್ಟಲಿಲ್ಲ.

"ಉಕ್ಕಿನ ಖರ್ಜ ಖರ್ಜ ಅಲ್ರಿ. ಅದು ಬರೇ ಸಪ್ಪಳ."

"ಡೇರೆಯಾಗಿನ ಮಂದಿಗೆ ಅದೇನ್ ತಿಳೀತೈತಿ ಮಾರಾಯಾ? ಹಾಕು ಸುಮ್ನ."

"ನನಗ ತಿಳೀತೈತ್ರಿ."

ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ನಾನು ರೇಗಿದೆ, ಬೇಡಿಕೊಂಡೆ, ಮಾತು ಬಿಟ್ಟೆ. ಅವನು ಸುರುಳಿ ಬಿಚ್ಚಿ ಮತ್ತೆ ಸುತ್ತಿಸಿದ, ಇನ್ನೊಂದು ಅಯಸ್ಕಾಂತ ತಂದು ಸೇರಿಸಿದ, ಕುದುರೆಯನ್ನು ಹಿಂದೆ ಮುಂದೆ ಸರಿಸಿದ. ಹಿತ್ತಾಳೆ ಜಪ್ಪಯ್ಯ ಅನ್ನಲಿಲ್ಲ. ಶಾಹಜಾದಬಿ ನನ್ನನ್ನು ಕಂಡು, "ಅಣ್ಣಾರ, ಉಣ್ಣಾಕ ಕರದ್ರೂ ಎದ್ದು ಬರವಲ್ರು. ನೀವಾದ್ರೂ ಹೇಳ್ರಿ," ಎಂದಳು. ಹೇಳಿದರೆ ಕೇಳಬೇಕಲ್ಲ. ಕಂಪನಿ ಡೇರೆ ಕಿತ್ತು ಹೊಳೆ ದಾಟಿ ಹೊಸಪೇಟೆಗೆ ಹೋಯಿತು. ಹ್ಯಾಂಡ್‌ಬಿಲ್ಲಿನಲ್ಲಿ ಅವನ ಹೆಸರು ಬರಲೇ ಇಲ್ಲ.

ಅದಾಗಿ ಸ್ವಲ್ಪ ದಿನಕ್ಕೆ ಅವನೇ ಅಂಗಡಿಗೆ ಓಡಿಬಂದ. ತಂಬೂರಿಗೆ ಝೇಂಕಾರ ಬರಲಿ ಎಂದು ಕುದುರೆಯ ಮೇಲೆ, ತಂತಿಯ ಅಡಿಯಲ್ಲಿ ಒಂದೆಳೆ ಹತ್ತಿ ನೂಲು ಇಡುತ್ತಾರೆ. ಒಂದು ತಂಬೂರಿಗೆ ಹಾಗೆ ನೂಲು ಇಡುತ್ತಿದ್ದವನಿಗೆ ಹೊಳೆದಿತ್ತು. ಹಿತ್ತಾಳೆಯ ತಂತಿಗೆ, ಸರಿಯಾಗಿ ಅಯಸ್ಕಾಂತದ ಮೇಲೆ ಬರುವಲ್ಲಿ ಮಾತ್ರ, ನೂಲಿನಂಥ ಕಬ್ಬಿಣದ ತಂತಿಯನ್ನು ಒತ್ತಾಗಿ ಸುತ್ತಿದ್ದ. ಅಯಸ್ಕಾಂತಕ್ಕೆ ಕಬ್ಬಿಣ, ಕಿವಿಗೆ ಹಿತ್ತಾಳೆ. ನನಗೆ ಸಂತೋಷವೋ ಸಂತೋಷ. ಅಂಗಡಿ ಮುಚ್ಚಿ, ನೊಗವನ್ನು ಕೌದಿಯಲ್ಲಿ ಸುತ್ತಿಕೊಂಡು ಇಬ್ಬರೂ ರೈಲು ಹತ್ತಿದೆವು.

ಹೊಸಪೇಟೆಯಲ್ಲಿ ಅಂದಪ್ಪ ಪೆಟ್ರೋಮ್ಯಾಕ್ಸಿಗೆ ಗಾಳಿ ಹೊಡೆಯುತ್ತ ಕೂತಿದ್ದ. ಯುದ್ಧದಿಂದಾಗಿ ಬ್ಯಾಟರಿ ಸಿಗುವುದು ನಿಂತಿತ್ತು. ಲೌಡ್‌ಸ್ಪೀಕರಿನವನು ತನ್ನ ಯಂತ್ರ ಕಟ್ಟಿಕೊಂಡು ಮುಂಬೈಗೆ ವಾಪಸು ಹೋಗಿದ್ದ.

"ಈಗ ಬಂದ್ರೇನ್ರಿ ಸಾಬ್ರ," ಎಂದ ಅಂದಪ್ಪ. ಅವನ ದನಿಯಲ್ಲಿ ಬೇಸರವಿತ್ತು, ಕುಹಕವಿರಲಿಲ್ಲ. ಅದರಿಂದ ಇನ್ನಷ್ಟು ನೋವಾಯಿತು.

ವಾಪಸು ಬರುವಾಗ ರೈಲಿನಲ್ಲಿ ನಾನು ಮರ್ದಾನಸಾಬನನ್ನು ಬಾಯಿಗೆ ಬಂದಂತೆ ಬೈದೆ. ಒಂದು ತಂತಿ ಬದಲಿಸಿದ್ದರೆ ಊರೆಲ್ಲ ನಿನ್ನ ವಾದ್ಯ ಕೇಳುತ್ತಿತ್ತು ಎಂದೆ. ಅವನು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದ. ಮನೆ ಮುಟ್ಟಿದಾಗ ಮಧ್ಯಾಹ್ನ. ಶಾಹಜಾದಬಿ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಮ್ಮ ಮುಖ ನೋಡಿ ಮತ್ತೆ ಕೆಲಸಕ್ಕೆ ಬಗ್ಗಿದಳು. ಮರ್ದಾನಸಾಬ ಪಡಸಾಲೆಯಲ್ಲಿ ಕೂತು, ಕೌದಿ ಬಿಚ್ಚಿ, ನೊಗವನ್ನು ತೊಡೆಯ ಮೇಲೆ ಇಟ್ಟುಕೊಂಡ. ಬೆರಳು ಆಡಿಸಿದ. ಏನೂ ಕೇಳಿಸಲಿಲ್ಲ. ಕೇಳಿಸದ ವಾದ್ಯವನ್ನು ಆ ಮನುಷ್ಯ ತಲೆ ತೂಗುತ್ತ ಬಾರಿಸುವುದನ್ನು ನನಗೆ ನೋಡಲಾಗಲಿಲ್ಲ.

ನಾನು ಅವನ ಎದುರು ಕೂತೆ. ನೊಗದ ತುದಿಯಲ್ಲಿ ಅವನ ಹಲ್ಲಿನ ಗುರುತುಗಳು ಸಾಲಾಗಿ ಮೂಡಿದ್ದವು. ಬಗ್ಗಿ, ಅದೇ ಜಾಗದಲ್ಲಿ ಕಚ್ಚಿದೆ. ಮರ್ದಾನಸಾಬನ ಕೈ ಒಂದು ಕ್ಷಣ ನಿಂತಿತು. ಆಮೇಲೆ ಅವನು ಮೊದಲು ಮೂರು ಉಕ್ಕಿನ ತಂತಿಗಳಲ್ಲಿ ಒಂದನ್ನು ಮೀಟಿದ, ನಂತರ ಹಿತ್ತಾಳೆಯದನ್ನು.

ಖರ್ಜ ದವಡೆಯಿಂದ ಏರಿ ತಲೆಯನ್ನೆಲ್ಲ ತುಂಬಿತು. ಬೆಚ್ಚಗೆ, ತಳ ಕಾಣದ ಹಾಗೆ. ಅದರ ಮುಂದೆ ಉಕ್ಕಿನದು ನಿಜಕ್ಕೂ ಬರೀ ಸಪ್ಪಳ. ನನ್ನ ಕಣ್ಣಲ್ಲಿ ನೀರು ಬಂತು. ಸಿಟ್ಟು ಇನ್ನೂ ಇತ್ತು, ಆದರೆ ಯಾರ ಮೇಲೆ ಎಂದು ತಿಳಿಯದಾಯಿತು. ನಾಲ್ಕು ಮಾರು ದೂರದಲ್ಲಿ ಶಾಹಜಾದಬಿ ಮೊರದಲ್ಲಿ ಜೋಳ ಕೇರುತ್ತಲೇ ಇದ್ದಳು. ಅವಳಿಗೆ ಏನೂ ಕೇಳಿಸಿರಲಿಲ್ಲ.

"ಹ್ಯಾಂಗೈತ್ರಿ ಮಾಸ್ತರ್ರ?" ಎಂದ ಮರ್ದಾನಸಾಬ.

ಹೇಳಬೇಕೆಂದರೆ ಬಾಯಿ ಬಿಡಬೇಕು. ಬಾಯಿ ಬಿಟ್ಟರೆ ಆ ನಾದ ನಿಂತುಹೋಗುತ್ತಿತ್ತು. ನಾನು ಕಚ್ಚಿಕೊಂಡೇ ಕೂತೆ.