ರಿಪೇರಿ ಚಾಚಾ ಊದಿದ ಧೂಳು

ಅವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಸಣ್ಣ ಸ್ಕ್ರೂಗಳನ್ನು ಆ ಸೀಳಿನಿಂದಲೇ ಎಬ್ಬಿಸುತ್ತಿದ್ದರು. ಬ್ಯಾಡಗಿಯಲ್ಲಿ ಮಿಕ್ಸರ್, ಫ್ಯಾನು ರಿಪೇರಿ ಮಾಡುತ್ತಿದ್ದ ಅವರನ್ನು ಓಣಿಯೆಲ್ಲ ಚಾಚಾ ಅನ್ನುತ್ತಿತ್ತು. ನಾನೂ ಅಷ್ಟೇ.

ನನಗೆ ದಮ್ಮು. ಕಸಬರಿಗೆ ಮುಟ್ಟಲೇಬೇಡಿ ಎಂದು ಹಾವೇರಿಯ ಡಾಕ್ಟರು ಹೇಳಿದ ಮೇಲೆ ನಮ್ಮ ಯಜಮಾನರು ಕಸ ಹೊಡೆಯುವ ರೋಬೋಟ್ ತಂದರು. ರೊಟ್ಟಿ ಹಂಚಿನಷ್ಟಗಲದ ಅದು ಮಂಚದ ಕೆಳಗೂ ತಾನೇ ಓಡಾಡಿ ಧೂಳು ಹೀರುತ್ತಿತ್ತು. ನಮ್ಮ ಮನೆ ಮಾರ್ಕೆಟ್ಟಿನ ಹತ್ತಿರ. ಮೆಣಸಿನಕಾಯಿ ಸುಗ್ಗಿ ಬಂತು, ಯಂತ್ರ ನಿಂತೇ ಹೋಯಿತು. ಕಂಪನಿಯವರು, ಹೊಸದು ತಗೊಳ್ಳಿ ಎಂದರು.

ಚಾಚಾನ ಅಂಗಡಿಗೆ ಒಯ್ದೆ. ಅವರು ಅಂಥದ್ದನ್ನು ಕಂಡಿರಲಿಲ್ಲ. ಮಗುಚಿ ಹಿಡಿದು ಬಹಳ ಹೊತ್ತು ನೋಡಿದರು.

"ಸತ್ತಿಲ್ಲವ್ವಾ ಇದು. ಉಸಿರು ಕಟ್ಟೈತಿ, ಅಷ್ಟ."

ಬಿಚ್ಚಿದರೆ ಒಳಗೆಲ್ಲ ಕೆಂಪು ಪುಡಿ. ಬ್ರಶ್ಶಿಗೆ ಬಾರದ್ದನ್ನು ಬಾಯಿಂದ ಊದಿ ತೆಗೆದರು. ಕಣ್ಣಲ್ಲಿ ನೀರು ಇಳಿಯುತ್ತಿತ್ತು. "ನೀ ದೂರ ನಿಂದ್ರು ತಂಗಿ, ನಿನಗ ಆಗೂದಿಲ್ಲ," ಅಂದರು. ಸೆರಗು ಮೂಗಿಗೆ ಒತ್ತಿಕೊಂಡು ನಾನು ರಸ್ತೆಯಾಚೆ ನಿಂತೆ.

ಐದು ಸುಗ್ಗಿ ಹೀಗೇ ಕಳೆದವು. ಯಂತ್ರ ಮುದಿಯಾದಷ್ಟೂ ಬೇಗ ಬೇಗ ಕಟ್ಟಿಕೊಳ್ಳುತ್ತಿತ್ತು. ಅವರ ಕೆಮ್ಮೂ ಜಾಸ್ತಿಯಾಗಿತ್ತು.

"ಬಾಯಿಲೆ ಊದಬ್ಯಾಡ್ರಿ ಚಾಚಾ," ಎಂದು ಮಾಸ್ಕ್ ಕೊಟ್ಟೆ.

"ಮಾಸ್ಕ್ ಹಾಕ್ಕೊಂಡು ಹೆಂಗ ಊದ್ಲಿ?" ಎಂದು ನಕ್ಕರು.

ನಾನು ಯಂತ್ರ ಒಯ್ಯುವುದನ್ನು ಮಾತ್ರ ಬಿಡಲಿಲ್ಲ. ಅದಿಲ್ಲದ ಎರಡು ದಿನ ಮಲಗಿದರೂ ಉಸಿರು ಸಿಗುತ್ತಿರಲಿಲ್ಲ.

ಹೋದ ವರ್ಷ ಅವರು ಅದನ್ನು ಬಿಚ್ಚಲಿಲ್ಲ. ಸ್ಕ್ರೂಡ್ರೈವರ್ ನನ್ನ ಕೈಗಿಟ್ಟರು.

"ಇನ್ನ ನೀನ ಕಲಿ. ನನ್ನ ಕೈಲೆ ಆಗವಲ್ದು."

ಆ ಮಾಸ್ಕ್ ನನಗೇ ಹಾಕಿಸಿದರು. ಮಧ್ಯಾಹ್ನವಿಡೀ ಪಕ್ಕದಲ್ಲಿ ಕುಳಿತು, ಯಾವ ಸ್ಕ್ರೂ ಮೊದಲು, ಹಸಿ ಅರಿವೆಯಿಂದ ಎಲ್ಲಿ ಒರೆಸಬೇಕು ಎಂದು ತೋರಿಸಿದರು. ನಡುನಡುವೆ ಕೆಮ್ಮಿಗೆ ಮಾತು ನಿಲ್ಲುತ್ತಿತ್ತು. ನಾನು ಕಾಯುತ್ತಿದ್ದೆ.

ಎರಡು ತಿಂಗಳಿಗೆ ಹೋಗಿಬಿಟ್ಟರು. ಮಾತಾಡಿಸಲು ಹೋದಾಗ ಅವರ ಹೆಂಡತಿ, "ಬೀಡಿ ಬಿಡಂದ್ರ ಬಿಡಲಿಲ್ಲವ್ವಾ," ಎಂದು ಅತ್ತರು. ಅದು ಖರೆಯೂ ಇದ್ದೀತು. ಮೆಣಸಿನ ಪುಡಿಯ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಆಕೆಯೇ ನನ್ನ ಕೈ ಹಿಡಿದು, "ನಿನ್ನ ದಮ್ಮು ಹೆಂಗೈತಿ ಈಗ?" ಎಂದು ಕೇಳಿದರು.

ಆರಾಮ ಇದ್ದೇನಿ ಎಂದೆ.