ಓವರ್ ಅಂದರೆ ಮುಗಿಯಿತು ಅಂದುಕೊಂಡಿದ್ದೆ

ಇಂದಿರಾನಗರದಲ್ಲಿ ಇವತ್ತು ಸೆಕ್ಯುರಿಟಿಯವರ ವಾಕಿಟಾಕಿ ಗರಗರ ಅಂದಾಗ ಹಲಸೂರಿನ ನಮ್ಮ ಮನೆ ನೆನಪಾಯಿತು.

ಅಪ್ಪ ಪಕ್ಕದ ರಸ್ತೆಯ ಕಾರ್ಖಾನೆಯಲ್ಲಿ ವಾಚ್‌ಮನ್. ವಾಕಿಟಾಕಿ ಗೇಟು ದಾಟಿದರೆ ಕೆಲಸ ಹೋಗುತ್ತಿತ್ತು. ಒಮ್ಮೆ ಮರೆತು ಸೊಂಟದಲ್ಲೇ ತಂದುಬಿಟ್ಟರು. ಅವರು ಸ್ನಾನಕ್ಕೆ ಹೋದಾಗ ನಾನು ಗುಂಡಿ ಒತ್ತಿ "ಹಲೋ" ಅಂದೆ.

"ಯಾರಮ್ಮ ಅದು? ಓವರ್," ಅಂದಿತು ಕಾರ್ಖಾನೆ ಕಡೆಯಿಂದ ಒಂದು ಗಂಡು ದನಿ.

ಇಂಗ್ಲಿಷ್ ಮೀಡಿಯಂನ ನನಗೆ ಓವರ್ ಅಂದರೆ ಮುಗಿಯಿತು ಅಂತ; ವಾಕಿಟಾಕಿಯಲ್ಲಿ ಅದು 'ಈಗ ನೀನು ಮಾತಾಡು' ಅನ್ನುವುದು ಗೊತ್ತಿರಲಿಲ್ಲ. ಬೆದರಿ, ಮಾತು ಮುಗಿಸಲು "ಓವರ್, ಅಂಕಲ್!" ಅಂದೆ.

"ಹೆಸರೇನು? ಓವರ್."

ಹೇಳಿದರೆ ಬಿಡುತ್ತಾರೆಂದು ಹೇಳಿಬಿಟ್ಟೆ, ಅಪ್ಪನ ಹೆಸರನ್ನೂ.

ಒದ್ದೆ ಮೈಯಲ್ಲೇ ಓಡಿಬಂದ ಅಪ್ಪ ಅದನ್ನು ಕಿತ್ತುಕೊಂಡು ಆಫ್ ಮಾಡಿದರು.

"ಹೆಸರು ಹೇಳಿದ್ಯೇನೇ?"

"ಇಲ್ಲಪ್ಪ."

"ಹಾಗಾದ್ರೆ ಮನೆಗೆ ತಂದೇ ಇಲ್ಲ ಅಂತೀನಿ" ಎಂದು ಅಂಗಿ ತೊಟ್ಟು ಹೊರಟರು.

ಅವರು ರಸ್ತೆಯ ತಿರುವು ದಾಟುವವರೆಗೂ ನಾನು ಬಾಗಿಲಲ್ಲೇ ನಿಂತು ನೋಡಿದೆ. ಈಗಲೂ ಕೇಳಿಕೊಳ್ಳುತ್ತೇನೆ: ಅವತ್ತು ಕೂಗಿ ಕರೆದು ನಿಜ ಹೇಳಿದ್ದರೆ ಅಪ್ಪನ ಕೆಲಸ ಉಳಿಯುತ್ತಿತ್ತೇನೋ?